ಸಹಾಯ ಬೇಕು: ಲಿಸ್ಟೆಡ್ ಕಟ್ಟಡಕ್ಕೆ ‘ಡಿಸೈನ್ ಅಂಡ್ ಆಕ್ಸೆಸ್ ಸ್ಟೇಟ್‌ಮೆಂಟ್’ ಬರೆದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ ನಮ್ಮ ಕನ್ನಡ ಬಳಗ ಹಳೆಯ ಚಾಪೆಲ್ ಒಂದನ್ನು ಲೀಸ್‌ಗೆ ತಗೊಂಡಿದೆ. ಗ್ರೇಡ್ 2 ಲಿಸ್ಟೆಡ್, ಅಂದರೆ ಪಾರಂಪರಿಕ ಕಟ್ಟಡವಾಗಿ ರಕ್ಷಣೆಯ ಪಟ್ಟಿಯಲ್ಲಿದೆ. ಇಲ್ಲಿ ಮಾಮೂಲಿ ಮನೆಗೆ ಸಣ್ಣ ಎಕ್ಸ್‌ಟೆನ್ಷನ್ ಹಾಕೋಕೆ ಸಾಮಾನ್ಯವಾಗಿ, ವಿನ್ಯಾಸದ ಕಾರಣ ಮತ್ತು ಪ್ರವೇಶದ ವ್ಯವಸ್ಥೆ ವಿವರಿಸುವ ಈ ಸ್ಟೇಟ್‌ಮೆಂಟ್ ಬೇಕಿಲ್ಲ. ಆದರೆ ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ (ಇಂಥ ಕಟ್ಟಡದಲ್ಲಿ ಬದಲಾವಣೆಗೆ ಬೇಕಾದ ಅನುಮತಿ) ಅರ್ಜಿಗೆ, ಕೆಲಸ ಎಷ್ಟೇ ಚಿಕ್ಕದಿರಲಿ, ಬೇಕೇ ಬೇಕು.

ನಮ್ಮ ತೊಡಕು ವೀಲ್‌ಚೇರ್ ಹತ್ತಿಸಲಾಗದ ಮುಂಬಾಗಿಲು. ನಡುವೆ ಸವೆದು ತಗ್ಗಾದ ಮೂರು ಕಲ್ಲಿನ ಮೆಟ್ಟಿಲು, ನೆಲದಿಂದ ಹೊಸ್ತಿಲಿಗೆ ಸುಮಾರು 450 ಮಿ.ಮೀ. ಅಪ್ರೂವ್ಡ್ ಡಾಕ್ಯುಮೆಂಟ್ ಎಂ (ಕಟ್ಟಡಗಳ ಪ್ರವೇಶದ ಬಗ್ಗೆ ಸರ್ಕಾರಿ ಮಾರ್ಗದರ್ಶಿ) ಪ್ರಕಾರ 1:12 ಇಳಿಜಾರು (1 ಮೀಟರ್ ಏರಲು 12 ಮೀಟರ್ ಉದ್ದ) 2 ಮೀಟರ್ ಉದ್ದದವರೆಗೆ ಮಾತ್ರ ಸಲ್ಲುತ್ತದೆ. ಒಂದೇ ಓಟದ ರ‍್ಯಾಂಪ್ ಅಂದರೆ ಹತ್ತಿರಹತ್ತಿರ 1:20, ಅಂದರೆ 9 ಮೀಟರ್. ಅಷ್ಟು ಜಾಗ ಮುಂದೆ ಇಲ್ಲ, ಫುಟ್‌ಪಾತ್ ಬಂದುಬಿಡುತ್ತದೆ. ಹಿಂಬಾಗಿಲು ಸಮತಟ್ಟಾಗಿದೆ, ಆದರೆ ದಾರಿ ಕಸದ ಡಬ್ಬಿಗಳ ಪಕ್ಕದಲ್ಲಿ. ಯುಗಾದಿಗೆ ವೀಲ್‌ಚೇರ್‌ನಲ್ಲಿ ಬರುವ ಹಿರಿಯರನ್ನು ಆ ಕಡೆಯಿಂದ ಕರೆತರಲು ನನಗೆ ಖಂಡಿತ ಒಪ್ಪಿಗೆಯಿಲ್ಲ.

ನಡುವೆ ಲ್ಯಾಂಡಿಂಗ್ (ಸಮತಟ್ಟಾದ ತಂಗುಜಾಗ) ಕೊಟ್ಟು ತಿರುಗಿಸಿದ ರ‍್ಯಾಂಪ್, ಇಲ್ಲವೇ ಪ್ಲಾಟ್‌ಫಾರ್ಮ್ ಲಿಫ್ಟ್: ಯಾವುದಕ್ಕೆ ಕೌನ್ಸಿಲಿನಲ್ಲಿ ಪಾರಂಪರಿಕ ಕಟ್ಟಡಗಳನ್ನು ನೋಡಿಕೊಳ್ಳುವ ಕನ್ಸರ್ವೇಶನ್ ಆಫೀಸರ್‌ಗಳ ಒಪ್ಪಿಗೆ ಸಿಕ್ಕಿದ ಅನುಭವ ನಿಮಗಿದೆ? ಹಳೇ ಕಲ್ಲು ಕೀಳದೆ, ಮುಂದೆ ಬೇಕಾದರೆ ತೆಗೆಯುವಂತೆ ಕೂರಿಸುತ್ತೇವೆ ಅಂತ ವಿವರಿಸಲು ಡ್ರಾಯಿಂಗ್ ಜೊತೆ ಫೋಟೊ ಸಾಕೇ? ಸುತ್ತಲಿನ ಪರಿಸರ, ವಿನ್ಯಾಸದ ಕಾರಣ, ಪ್ರವೇಶದ ಬಗ್ಗೆ ಯಾರನ್ನು ಕೇಳಿದೆವು ಇವನ್ನೆಲ್ಲ ಬರೆದಿದ್ದೇನೆ. ಪ್ರವೇಶದ ಭಾಗವೇ ತೆಳ್ಳಗಿದೆ.

ಆರ್ಕಿಟೆಕ್ಟ್‌ಗಳು, ಪ್ಲ್ಯಾನಿಂಗ್‌ನಲ್ಲಿ ಕೆಲಸ ಮಾಡುವವರು ಯಾರಾದರೂ ಒಮ್ಮೆ ಓದಿ ಹೇಳಿದರೆ ದೊಡ್ಡ ಉಪಕಾರ. ಒಪ್ಪಿಗೆ ಸಿಕ್ಕ ಹಳೆಯ ಅರ್ಜಿಯ ಪ್ರತಿ ಇದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ.