‘ಜವಾರಿ ದನಿ’ ಎನ್ನಬಹುದೇ? ಪಾಲ್ ರಾಜರ್ಸ್ ಅವರ ಕಂಠಕ್ಕೊಂದು ಕನ್ನಡ ಪದ

ಮಾನ್ಯರೇ,

ಇಂಗ್ಲೆಂಡಿನ ರಾಕ್ ಗಾಯಕ ಪಾಲ್ ರಾಜರ್ಸ್ ಅವರನ್ನು ಕನ್ನಡ ಓದುಗರಿಗೆ ಪರಿಚಯಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ಎರಡು ಕಡೆ ಪದಕ್ಕಾಗಿ ತಡಕಾಡುವಂತಾಗಿದೆ.

ಮೊದಲನೆಯದು ಸಣ್ಣದು. ಅವರನ್ನು ‘ಎಲೆಮರೆಯ ಕಾಯಿ’ ಎಂದು ಬರೆದು, ಹೊಡೆದುಹಾಕಿದೆ. ಎಲೆಮರೆಯ ಕಾಯಿ ಯಾರ ಕಣ್ಣಿಗೂ ಬೀಳದೆ ಉಳಿದದ್ದು. ರಾಜರ್ಸ್ ಹಾಡಿದ ‘ಫ್ರೀ’ ತಂಡದ ‘ಆಲ್ ರೈಟ್ ನೌ’ 1970ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಅವರ ಮುಂದಿನ ತಂಡ ‘ಬ್ಯಾಡ್ ಕಂಪನಿ’ 1974ರಲ್ಲಿ ಹೊರತಂದ ಮೊದಲ ಆಲ್ಬಮ್ ಅಮೆರಿಕದಲ್ಲಿ ಮೊದಲ ಸ್ಥಾನವನ್ನೇ ಪಡೆಯಿತು. ಹಾಡು ಎಲ್ಲರಿಗೂ ಗೊತ್ತು. ಆದರೆ ಆ ಕಾಲದ ದೊಡ್ಡ ಗಾಯಕರು ಯಾರೆಂದು ಕೇಳಿದರೆ ರಾಬರ್ಟ್ ಪ್ಲಾಂಟ್, ರಾಡ್ ಸ್ಟುವರ್ಟ್ ಎಂದು ಹೇಳುವವರ ಬಾಯಲ್ಲಿ ರಾಜರ್ಸ್ ಹೆಸರು ತಟ್ಟನೆ ಬರುವುದಿಲ್ಲ. ಆದ್ದರಿಂದ ‘ಸಲ್ಲಬೇಕಾದ ಬೆಲೆ ಸಲ್ಲದ ಗಾಯಕ’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಚಿಕ್ಕದಾದ ಮಾತಿದ್ದರೆ ದಯವಿಟ್ಟು ತಿಳಿಸಿ.

ನಿಜವಾದ ತೊಡಕಿರುವುದು ಅವರ ಕಂಠವನ್ನು ಬಣ್ಣಿಸುವಲ್ಲಿ. ಇಂಥ ದನಿಯನ್ನು ನಾವು ಮಾತಿನಲ್ಲಿ ‘ಹಸ್ಕಿ’ ಎಂದು ಹೇಳಿ ಮುಗಿಸುತ್ತೇವೆ. ಬರವಣಿಗೆಗೆ ಕೂತಾಗ ಕನ್ನಡದಲ್ಲಿ ಕೈಗೆ ಸಿಗುವವು ಗೊಗ್ಗರು, ಒಡಕು, ಕರ್ಕಶ, ಒರಟು. ಇವೆಲ್ಲವೂ ಕುಂದನ್ನು ಹೇಳುವ ಪದಗಳೇ; ಗೊಗ್ಗರು ದನಿ ಎಂದರೆ ನೆಗಡಿಯಾದವರ ನೆನಪಾಗುತ್ತದೆ. ‘ಗಡಸು’ ಸ್ವಲ್ಪ ಹತ್ತಿರ ಬರುತ್ತದಾದರೂ ಅದರಲ್ಲಿ ಬಿರುಸೇ ಮುಂದಾಗಿ, ಮಾರ್ದವಕ್ಕೆ ಎಡೆಯೇ ಇಲ್ಲದಂತಾಗುತ್ತದೆ. ‘ಕಂಚಿನ ಕಂಠ’ ಖಣಿಖಣಿಸುವ ದನಿಗೆ ಮಾತ್ರ ಒಪ್ಪುತ್ತದೆ.

ನಾನು ಹೇಳಬೇಕೆಂದಿರುವ ಗುಣ ಯಾವುದೆಂದು ಒಂದು ಹಾಡಿನಿಂದಲೇ ತೋರಿಸುತ್ತೇನೆ. ‘ಆಲ್ ರೈಟ್ ನೌ’ ಹಾಡಿನ ಚರಣಗಳಲ್ಲಿ ಬೇಸ್ ಗಿಟಾರ್ ಇಲ್ಲ. ಆ್ಯಂಡಿ ಫ್ರೇಸರ್ ಪಲ್ಲವಿ ಬರುವವರೆಗೆ ಸುಮ್ಮನಿರುತ್ತಾರೆ. ಪಾಲ್ ಕಾಸಾಫ್ ಅವರ ಗಿಟಾರ್ ಒಂದು ಪೆಟ್ಟು ಕೊಟ್ಟು ನಿಲ್ಲುತ್ತದೆ, ಸೈಮನ್ ಕರ್ಕ್ ಅವರ ಡ್ರಮ್ ನಡೆಯುತ್ತಿರುತ್ತದೆ, ನಡುವಿನ ಬಯಲಿನಲ್ಲಿ ದನಿ ಹೆಚ್ಚುಕಡಿಮೆ ಒಂಟಿಯಾಗಿ ನಿಂತಿರುತ್ತದೆ. ರಾಜರ್ಸ್ ಅಲ್ಲಿ ಕೂಗುವುದಿಲ್ಲ, ಮಾತಾಡುವ ಹದದಲ್ಲೇ ಸಾಲನ್ನು ಎತ್ತಿಕೊಳ್ಳುತ್ತಾರೆ. ಸಾಲು ಮುಗಿಯುವಲ್ಲಿ ಸ್ವರವನ್ನು ತುಸು ಒತ್ತಿ ಹಿಡಿದಾಗ ಅದರೊಳಗಿಂದಲೇ ಸಣ್ಣ ತರಿಯೊಂದು ಏಳುತ್ತದೆ, ಆದರೆ ಶ್ರುತಿ ಒಂದಿಷ್ಟೂ ಕದಲುವುದಿಲ್ಲ. ಬ್ಯಾಡ್ ಕಂಪನಿಯ ಮೊದಲ ಆಲ್ಬಮ್ಮಿನ ಕೊನೆಯಲ್ಲಿರುವ ‘ಸೀಗಲ್’ ಎಂಬ ಮೆಲುದನಿಯ ಹಾಡಿನಲ್ಲಿಯೂ ಆ ತರಿ ಹಾಗೆಯೇ ಉಳಿದಿದೆ. ಗಂಟಲನ್ನು ಬಿಗಿಹಿಡಿದು ತಂದ ಒರಟುತನವಾಗಿದ್ದರೆ ಮೆಲ್ಲಗೆ ಹಾಡುವಾಗ ಮರೆಯಾಗಬೇಕಿತ್ತು.

ಅವರು ಒಬ್ಬರೇ ಹೊರತಂದ ಆಲ್ಬಮ್ಮುಗಳಿಗೂ ಈ ಮಾತು ಸಲ್ಲುತ್ತದೆ. 1983ರ ‘ಕಟ್ ಲೂಸ್’ನಲ್ಲಿ ವಾದ್ಯಗಳನ್ನೆಲ್ಲ ತಾವೇ ನುಡಿಸಿದ್ದಾರೆ, ದನಿ ಚೆನ್ನಾಗಿದ್ದರೂ ಅದಕ್ಕೆ ಎದುರುತ್ತರ ಕೊಡುವ ಜೊತೆಗಾರರಿಲ್ಲದ ಕೊರತೆ ನನಗೆ ಕಾಣಿಸಿತು. 1993ರಲ್ಲಿ, ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಗಾಯಕ ಮಡ್ಡಿ ವಾಟರ್ಸ್ ಅವರಿಗೆ ನಮನವಾಗಿ ಮಾಡಿದ ಬ್ಲೂಸ್ ಆಲ್ಬಮ್ ಮತ್ತು ಅರವತ್ತು ದಾಟಿದ ಮೇಲೆ ಮೆಂಫಿಸ್ಸಿನ ರಾಯಲ್ ಸ್ಟುಡಿಯೋದಲ್ಲಿ ಹಾಡಿ 2014ರಲ್ಲಿ ಹೊರತಂದ ‘ದ ರಾಯಲ್ ಸೆಷನ್ಸ್’ ಇದಕ್ಕಿಂತ ಬಹಳ ಮೇಲಿನವು. ಅಮೆರಿಕದ ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಅವರ ಹಾಡನ್ನು ಅಲ್ಲಿ ಕೇಳಿದಾಗ ಈ ದನಿಯ ಬೇರು ಎಲ್ಲಿದೆಯೆಂದು ಸ್ಪಷ್ಟವಾಗುತ್ತದೆ. ಕ್ವೀನ್ ತಂಡದೊಂದಿಗೆ 2004ರಿಂದ 2009ರವರೆಗೆ ಹಾಡಿದಾಗ ಅವರನ್ನು ಆ ತಂಡದ ಮೂಲ ಗಾಯಕ ಫ್ರೆಡ್ಡಿ ಮರ್ಕ್ಯುರಿ ಅವರ ಅಳತೆಗೋಲಿನಿಂದ ಅಳೆದವರೇ ಹೆಚ್ಚು, ಅದು ನ್ಯಾಯವಲ್ಲ.

ಇಂಥ ದನಿಗೆ ‘ಜವಾರಿ’ ಎಂಬ ಪದ ಒಪ್ಪೀತೇ ಎಂಬುದು ನನ್ನ ಮುಖ್ಯ ಪ್ರಶ್ನೆ. ತಂಬೂರಿಯ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿಯ) ಮೇಲೆ, ತಂತಿಯ ಅಡಿಯಲ್ಲಿ ಇಡುವ ನೂಲನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತ ಮೀಟಿದರೆ, ಮೊದಲು ಮೊಂಡಾಗಿ ಕೇಳಿಸುತ್ತಿದ್ದ ತಂತಿ ಒಂದು ಜಾಗದಲ್ಲಿ ಝೇಂಕರಿಸಿ ತೆರೆದುಕೊಳ್ಳುತ್ತದೆ, ಮೂಲ ಸ್ವರದೊಡನೆ ತಾವಾಗಿಯೇ ಹುಟ್ಟುವ ಸ್ವಯಂಭೂ ಸ್ವರಗಳು ಮೇಲೇಳುತ್ತವೆ. ಹಿಂದೂಸ್ತಾನಿ ಸಂಗೀತಗಾರರು ಇದನ್ನು ಜವಾರಿ ಎನ್ನುತ್ತಾರೆ, ಅಂಥದೇ ಗುಣವುಳ್ಳ ಕಂಠವನ್ನೂ ಜವಾರಿಯುಳ್ಳದ್ದೆಂದು ಮೆಚ್ಚುತ್ತಾರೆ. ಕರ್ನಾಟಕ ಸಂಗೀತದವರು ಆ ನೂಲನ್ನು ‘ಜೀವಾಳ’ ಎನ್ನುವುದನ್ನು ಕೇಳಿದ್ದೇನೆ. ರಾಜರ್ಸ್ ದನಿಯಲ್ಲಿ ನನಗೆ ಕೇಳಿಸುವುದು ಸರಿಸುಮಾರು ಇದೇ ಝೇಂಕಾರ.

ಆದರೆ ಧಾರವಾಡ, ಬೆಳಗಾವಿ ಕಡೆಯವರಿಗೆ ಜವಾರಿ ಎಂದರೆ ನಾಟಿ ತಳಿ: ಜವಾರಿ ಬದನೆಕಾಯಿ, ಜವಾರಿ ಕೋಳಿ. ‘ಜವಾರಿ ದನಿ’ ಎಂದು ಬರೆದರೆ ಅವರು ಹಳ್ಳಿಯ ಸೊಗಡಿನ ದನಿ ಎಂದು ತಿಳಿಯಬಹುದು. ಮೈಸೂರು ಕಡೆಯ ಓದುಗರಿಗೆ ಎರಡು ಅರ್ಥವೂ ಹೊಳೆಯದೆ ಹೋಗಬಹುದು. ‘ಶಾರೀರ’ವನ್ನು ಸೇರಿಸಿ ‘ಜೀವಾಳದ ಶಾರೀರ’ ಎಂದರೆ ಗೊಂದಲ ತಪ್ಪೀತು, ಆದರೆ ರಾಕ್ ಗಾಯಕರೊಬ್ಬರಿಗೆ ಅದು ಕಚೇರಿಯ ಶಾಲು ಹೊದಿಸಿದಂತಾಗುತ್ತದೆಯೇ ಎಂಬ ಅಳುಕಿದೆ.

ಯಕ್ಷಗಾನದ ಭಾಗವತರಲ್ಲಿ, ಕಂಪನಿ ನಾಟಕದ ಹಳಬರಲ್ಲಿ, ತತ್ವಪದ ಹಾಡುವವರಲ್ಲಿ ಇಂಥ ಕಂಠವನ್ನು ಮೆಚ್ಚಿ ಹೇಳುವ ಪದ ಬಳಕೆಯಲ್ಲಿದೆಯೇ? ಇದ್ದರೆ ಅದನ್ನು ಯಾವ ಸೀಮೆಯಲ್ಲಿ, ಯಾವ ವಾಕ್ಯದಲ್ಲಿ ಕೇಳಿದಿರಿ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.