ಬಣ್ಣಗಳ ಹೊಂದಾಣಿಕೆಯನ್ನು ಹೇಗೆ ಕಲಿತಿರಿ? ಅನುಭವ ಹಂಚಿಕೊಳ್ಳಿ

ಪ್ರಶ್ನೆ, ಬಾಗಲಕೋಟೆಯಿಂದ:
ಸೀರೆ ಅಂಗಡಿಗಳಿಗೆ ಪೋಸ್ಟರ್ ಮಾಡಿಕೊಡುತ್ತೇನೆ. ಬಣ್ಣಗಳನ್ನು ವೃತ್ತದಲ್ಲಿ ಜೋಡಿಸಿ ತೋರಿಸುವ ವರ್ಣಚಕ್ರ ಬಾಯಿಪಾಠವಾಗಿದೆ. ಕೆಂಪಿಗೆ ಹಸಿರು ಎದುರು ಬಣ್ಣವೆಂದು ಗೊತ್ತು. ಆದರೂ ಕೆಂಪಿನ ಮೇಲೆ ಹಸಿರು ಅಕ್ಷರ ಬರೆದರೆ ಓದುವವರ ಕಣ್ಣು ನೋಯುತ್ತದೆ. ಇದನ್ನು ನೀವೆಲ್ಲ ಹೇಗೆ ಕಲಿತಿರಿ?

ಇಳಕಲ್‌ನ ನೇಕಾರರೊಬ್ಬರು:
ತಂಗಿ, ಚಕ್ರವನ್ನು ಕೆಲವು ದಿನ ಬದಿಗಿಟ್ಟು ಬಣ್ಣದ ನೆರೆಹೊರೆಯನ್ನು ನೋಡು. ಒಂದೇ ಲಡಿಯ ಕೆಂಪು ನೂಲು ಕಪ್ಪು ಒಡಲಿನ ಅಂಚಿನಲ್ಲಿ ಉರಿಯುತ್ತದೆ, ಕಿತ್ತಳೆಯ ಪಕ್ಕದಲ್ಲಿ ಸಪ್ಪೆಯಾಗುತ್ತದೆ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲೂ ಹೀಗೇ ಆಗಿತ್ತು. ಕಪ್ಪು ನೂಲು ಮಂಕಾಗಿದೆ ಎಂದು ದೂರು ಬಂದಾಗ, ಅಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದ ರಸಾಯನ ವಿಜ್ಞಾನಿ ಶೆವ್ರಲ್ ನೂಲನ್ನು ಪರೀಕ್ಷಿಸಿದರು. ನೂಲು ಸರಿಯಾಗಿಯೇ ಇತ್ತು. ಪಕ್ಕದಲ್ಲಿದ್ದ ನೀಲಿ, ನೇರಳೆಗಳು ಅದರ ಕಪ್ಪನ್ನು ತಿಂದುಹಾಕಿದ್ದವು. ಪಕ್ಕದ ಬಣ್ಣದಿಂದ ಒಂದು ಬಣ್ಣ ಬೇರೆಯಾಗಿ ಕಾಣುವ ಈ ನಿಯಮವನ್ನು 1839ರಲ್ಲಿ ಅವರು ವಿವರವಾಗಿ ಪ್ರಕಟಿಸಿದರು. ನೀನೂ ಒಂದೇ ಬೂದು ಕಾಗದದಿಂದ ಎರಡು ತುಂಡು ಕತ್ತರಿಸಿ, ಒಂದನ್ನು ಕೆಂಪಿನ ಮೇಲೆ, ಇನ್ನೊಂದನ್ನು ಹಸಿರಿನ ಮೇಲೆ ಇಡು. ಮೊದಲನೆಯದು ತುಸು ಹಸಿರಾಗಿ, ಎರಡನೆಯದು ತುಸು ಕೆಂಪಾಗಿ ಕಾಣುತ್ತದೆ. ಗುಳೇದಗುಡ್ಡಕ್ಕೆ ಹೋದರೆ, ಹಾಸಿಗೊಂದು ಹೊಕ್ಕಿಗೊಂದು ಬಣ್ಣವಿರುವ ಖಣವನ್ನು (ರವಿಕೆಯ ಬಟ್ಟೆ) ಬಿಸಿಲಿಗೆ ಹಿಡಿದು ಓರೆಯಾಗಿಸುತ್ತಾ ನೋಡು, ಬಣ್ಣ ಬದಲಾಗುತ್ತಾ ಹೋಗುತ್ತದೆ. ಅಂಥ ಪಾಠವನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ.

ಜಮಖಂಡಿಯ ಚಿತ್ರಕಲಾ ಶಿಕ್ಷಕಿ:
ನಿಮ್ಮ ಪೋಸ್ಟರಿನ ತೊಂದರೆ ಇರುವುದು ತಿಳಿ-ಗಾಢದಲ್ಲಿ. ಆ ಕೆಂಪು, ಆ ಹಸಿರು ಎರಡೂ ಒಂದೇ ಮಟ್ಟದ ಗಾಢ ಬಣ್ಣಗಳಾಗಿದ್ದರೆ ಅಕ್ಷರದ ಅಂಚು ಕಣ್ಣಿಗೆ ನಿಲ್ಲದೆ ನಡುಗುತ್ತದೆ. ಮೊಬೈಲಿನಲ್ಲಿ ಪೋಸ್ಟರನ್ನು ಕಪ್ಪು-ಬಿಳುಪಿಗೆ ತಿರುಗಿಸಿ. ಅಕ್ಷರ ಮಾಯವಾದರೆ ಹಸಿರನ್ನು ಬಹಳ ತಿಳಿಯಾಗಿಸಿ. ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಬಿಳಿ ವಿನ್ಯಾಸ ದೂರದಿಂದಲೂ ಎದ್ದು ಕಾಣುವುದು ಈ ಅಂತರದಿಂದಲೇ. ಮಕ್ಕಳಿಗೂ ನಾನು ಮೊದಲು ಪೆನ್ಸಿಲಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಮೆಟ್ಟಿಲು ಮಾಡಿಸುತ್ತೇನೆ, ಬಣ್ಣದ ಡಬ್ಬಿ ಆಮೇಲೆ. ಬಣ್ಣ ಕಲೆಸುವಾಗಲೂ ಗಮನವಿರಲಿ: ಅಲ್ಟ್ರಾಮರೀನ್ ನೀಲಿ ಕೆಂಪಿನ ಕಡೆ ವಾಲುತ್ತದೆ, ಹಳದಿ ಬೆರೆಸಿದರೆ ಮಂಕು ಹಸಿರು. ಹೊಳೆಯುವ ಹಸಿರಿಗೆ ಹಸಿರಿನ ಕಡೆ ವಾಲುವ ಥ್ಯಾಲೊ ನೀಲಿ, ನಿಂಬೆ ಹಳದಿ ಬೇಕು.

ಬೆಳಗಾವಿಯ ಮುದ್ರಣಾಲಯದಿಂದ ಒಬ್ಬರು:
ಇನ್ನೊಂದು ಮಾತು ಸೇರಿಸುತ್ತೇನೆ. ಪರದೆಯಲ್ಲಿ ಕೆಂಪು, ಹಸಿರು, ನೀಲಿ ಬೆಳಕು ಕೂಡಿ ಬಣ್ಣವಾಗುತ್ತದೆ. ಕಾಗದದ ಮೇಲಿನ ಶಾಯಿ ಬೆಳಕನ್ನು ಹೀರಿಕೊಳ್ಳುತ್ತದೆ. ಪರದೆಯ ಮೇಲಿನ ಉಜ್ವಲ ನೀಲಿ, ಹಸಿರು ಅಚ್ಚಿನಲ್ಲಿ ಮಂಕಾಗುತ್ತವೆ. ಆದ್ದರಿಂದ ಪೂರ್ತಿ ಪ್ರತಿಗಳಿಗೆ ಒಪ್ಪಿಗೆ ಕೊಡುವ ಮುನ್ನ ಅದೇ ಕಾಗದದ ಮೇಲೆ ಒಂದು ಮಾದರಿ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ.