ಗೋಲ್ಡ್‌ಫಿಂಗರ್ ಎಂಟನೇದಾ?

ಗುಂಪು: ಕಾಲೇಜ್ ಆರ್ಕೆಸ್ಟ್ರಾ ಹಳಬರು

ಪ್ರಸಾದ: ಡಿಸೆಂಬರ್ ಕಾರ್ಯಕ್ರಮಕ್ಕೆ ಜೇಮ್ಸ್ ಬಾಂಡ್ ಹಾಡುಗಳ ಪಟ್ಟಿ ಹಾಕಿದ್ದೇನೆ. 1 ಸ್ಕೈಫಾಲ್, 2 ನೋ ಟೈಮ್ ಟು ಡೈ, 3 ರೈಟಿಂಗ್ಸ್ ಆನ್ ದ ವಾಲ್, 4 ಎ ವ್ಯೂ ಟು ಎ ಕಿಲ್, 5 ಲಿವ್ ಅಂಡ್ ಲೆಟ್ ಡೈ, 6 ನೋಬಡಿ ಡಸ್ ಇಟ್ ಬೆಟರ್, 7 ಫಾರ್ ಯುವರ್ ಐಸ್ ಓನ್ಲಿ, 8 ಗೋಲ್ಡ್‌ಫಿಂಗರ್, 9 ಡೈಮಂಡ್ಸ್ ಆರ್ ಫಾರೆವರ್, 10 ಆಲ್ ಟೈಮ್ ಹೈ. ಇದರಲ್ಲಿ ಐದು ಆರಿಸುವ. ನಮಗೆ 20 ನಿಮಿಷ ಉಂಟು.

ಗುರುರಾಜ: ಲೇ ಪ್ರಸಾದ್ಯಾ, ಗೋಲ್ಡ್‌ಫಿಂಗರ್ ಎಂಟನೇದಾ? ಪಟ್ಟಿ ಮಾಡುವಾಗ ಕಿವಿ ಎಲ್ಲಿ ಇಟ್ಟಿದ್ದಿ?

ಪ್ರಸಾದ: ಕಿವಿಯ ಪ್ರಶ್ನೆ ಅಲ್ಲ ಮಾರಾಯ, ಲೆಕ್ಕ. ಮೊದಲ ಮೂರಕ್ಕೂ ಆಸ್ಕರ್ ಬಂದಿದೆ. ನಾಲ್ಕನೆಯದು ಅಮೆರಿಕದ ಪಟ್ಟಿಯಲ್ಲಿ ನಂಬರ್ 1 ಆದ ಒಂದೇ ಒಂದು ಬಾಂಡ್ ಹಾಡು, 1985ರಲ್ಲಿ. 5, 6, 7 ಆಸ್ಕರ್‌ಗೆ ನಾಮನಿರ್ದೇಶನ ಆದವು. ಗೋಲ್ಡ್‌ಫಿಂಗರ್‌ಗೆ ಅದೂ ಇಲ್ಲ.

ಗುರುರಾಜ: ಆಸ್ಕರ್ ಲೆಕ್ಕ ಹಿಡಿದ್ರ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ್ದು, ವಿ ಹ್ಯಾವ್ ಆಲ್ ದ ಟೈಮ್ ಇನ್ ದ ವರ್ಲ್ಡ್, ನಿನ್ನ ಪಟ್ಟಿಗೇ ಬರಂಗಿಲ್ಲ. 1969ರ ಹಾಡು, ಅದಕ್ಕ ಜಾನ್ ಬ್ಯಾರಿ ಕಟ್ಟಿದ ರಾಗ ಕೇಳಿ ಇವತ್ತಿಗೂ ಕಣ್ಣು ಒದ್ದಿ ಆಗ್ತಾವ ಮಂದೀವು.

ನಾಗೇಶ: ಎಲ್ಲಕ್ಕಿಂತ ದೊಡ್ಡ ತಪ್ಪು ಯಾರಿಗೂ ಕಾಣ್ತಿಲ್ವಾ? ಮೂಲ ಥೀಮೇ ಪಟ್ಟಿಯಲ್ಲಿಲ್ಲ. 1962, ಮೊದಲ ಬಾಂಡ್ ಸಿನಿಮಾ ಡಾ. ನೋ. ಡುಂಗ್ ಡಿಡಿ ಡುಂಗ್.

ಪ್ರಸಾದ: ಅದು ಹಾಡಲ್ಲ ನಾಗೇಶ. ಸಾಹಿತ್ಯ ಎಲ್ಲಿ?

ನಾಗೇಶ: ಇತ್ತು. ಕೇಳು. ಮಾಂಟಿ ನಾರ್ಮನ್ ಆ ರಾಗ ಮೊದಲು ಮಾಡಿದ್ದು ನೈಪಾಲರ ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್ ಕಾದಂಬರಿಯಿಂದ ಒಂದು ಸಂಗೀತ ನಾಟಕ ಮಾಡೋಣ ಅಂತ. ಟ್ರಿನಿಡಾಡ್‌ಗೆ ಹೋದ ನಮ್ಮವರ ಕತೆ. ಹಾಡಿನ ಹೆಸರು ಬ್ಯಾಡ್ ಸೈನ್ ಗುಡ್ ಸೈನ್. ಹುಟ್ಟಿದಾಗಲೇ ಬಂದ ದರಿದ್ರ ಸೀನಿನ (ಆಕ್ಷಿ!) ಬಗ್ಗೆ ಒಬ್ಬ ಹಾಡಿಕೊಳ್ಳೋದು. ನಾಟಕ ರಂಗಕ್ಕೆ ಬರಲಿಲ್ಲ, ರಾಗ ಡ್ರಾಯರ್‌ನಲ್ಲಿ ಉಳೀತು. ಡಾ. ನೋ ಕೆಲಸ ಸಿಕ್ಕಾಗ ಉದ್ದ ಸ್ವರಗಳನ್ನ ಒಡೆದು ತುಂಡು ತುಂಡು ಮಾಡಿದ, ಡುಂಗ್ ಡಿಡಿ ಆಯ್ತು.

ಶೈಲಾ: ಅಂದ್ರೆ ಬಾಂಡ್ ಥೀಮು ಅಪಶಕುನದ ಸೀನು! ಹೊರಡುವಾಗ ಒಂದು ಸೀನು, ಅಷ್ಟೇ, ಕೂತ್ಕೊಂಡು ನೀರು ಕುಡಿದು ಹೋಗಬೇಕು 😂

ವಸಂತ: ಅದನ್ನ ಜಾನ್ ಬ್ಯಾರಿ ಮಾಡಿದ್ದು ಅಂತ ಅಲ್ವಾ ಎಲ್ಲರೂ ಹೇಳೋದು?

ನಾಗೇಶ: ಅದಕ್ಕೇ ಕೋರ್ಟಿಗೆ ಹೋಗಿದ್ದು. ಒಂದು ಲಂಡನ್ ಪತ್ರಿಕೆ ಬ್ಯಾರಿದೇ ಅಂತ ಬರೀತು, ನಾರ್ಮನ್ ಮಾನನಷ್ಟ ಮೊಕದ್ದಮೆ ಹಾಕಿದ, 2001ರಲ್ಲಿ ಗೆದ್ದ, 30,000 ಪೌಂಡ್ ಪರಿಹಾರ. ಆದ್ರೆ ವಾದ್ಯ ಜೋಡಣೆ ಬ್ಯಾರಿದು. ಆ ಹಿತ್ತಾಳೆ ವಾದ್ಯಗಳ ಅಬ್ಬರ ತೆಗೆದುಬಿಟ್ರೆ ಏನೂ ಉಳಿಯಲ್ಲ. ನನ್ನ ಕೇಳಿದ್ರೆ ಬೀಜ ನಾರ್ಮನ್‌ದು, ಮರ ಬ್ಯಾರಿದು.

ಸವಿತಾ: ನನ್ನ ಪಿಟೀಲಿಗೆ ಅದರಲ್ಲಿ ಏನಿದೆ ಹೇಳು ಮೊದಲು.

ನಾಗೇಶ: ಮೂಲ ರೆಕಾರ್ಡಿಂಗ್‌ನಲ್ಲಿ ಪಿಟೀಲೇ ಇಲ್ಲ ಸವಿತಾ. ಸ್ಯಾಕ್ಸೋಫೋನು, ಟ್ರಂಪೆಟ್ಟು, ಟ್ರೊಂಬೋನು, ಗಿಟಾರು, ತಾಳವಾದ್ಯ. ಅಷ್ಟೇ.

ಸವಿತಾ: ಸರಿ, ಹಾಗಾದ್ರೆ ಕಿವಿಯಿಂದಲೇ ಹೇಳ್ತೀನಿ. ಇ ಅನ್ನ ಸ ಅಂತ ಇಟ್ಕೊಳ್ಳಿ. ಹಿಂದೆ ಸುತ್ತುತ್ತಾ ಇರೋ ನಾಲ್ಕು ಸ್ವರ ಬಿ, ಸಿ, ಸಿ ಶಾರ್ಪ್, ಸಿ. ಅಂದ್ರೆ ಪ, ಶುದ್ಧ ಧೈವತ, ಚತುಶ್ರುತಿ ಧೈವತ, ಮತ್ತೆ ಶುದ್ಧ ಧೈವತ. ಹೊಟ್ಟೆಯಲ್ಲಿ ಏನೋ ತೆವಳಿದ ಹಾಗೆ ಆಗೋದು ಅದರಿಂದಲೇ.

ವಸಂತ: ಎರಡೂ ಧೈವತ ಅಂದ್ರೆ ಭೈರವಿ ರಾಗ ಆಯ್ತಲ್ಲ!

ಗುರುರಾಜ: ನಮ್ಮ ಕಡೆ ಭೈರವಿ ಬ್ಯಾರೆ ಐತ್ರಿ, ಎಲ್ಲಾ ಕೋಮಲ.

ಸವಿತಾ: ಕರ್ನಾಟಕ ಸಂಗೀತದ ಭೈರವಿ ಅಂತಲೇ ವಸಂತ ಹೇಳಿದ್ದು. ಆದ್ರೂ ಅಲ್ಲ. ಭೈರವಿಯಲ್ಲಿ ಹತ್ತುವಾಗ ಚತುಶ್ರುತಿ, ಇಳಿಯುವಾಗ ಶುದ್ಧ. ಇಲ್ಲಿ ಹತ್ತುವಾಗಲೇ ಶುದ್ಧ ಧೈವತ ಮುಟ್ಟಿ ಹೋಗ್ತಾರೆ. ಮೇಲಾಗಿ ಕಾಕಲಿ ನಿಷಾದ ಬರುತ್ತೆ, ಭೈರವಿಯಲ್ಲಿ ಅದಿಲ್ಲ. ಕೊನೇ ಗಿಟಾರ್ ಕಾರ್ಡ್, ಅಂದ್ರೆ ಸೇರಿಸಿ ನುಡಿಸೋ ಸ್ವರಗುಚ್ಛ, ನೋಡಿ: ಸ, ಸಾಧಾರಣ ಗಾಂಧಾರ, ಪ, ಕಾಕಲಿ ನಿಷಾದ, ಚತುಶ್ರುತಿ ರಿಷಭ. ಇದು ಕೀರವಾಣಿ ರಾಗಕ್ಕೂ ಹೊಂದುತ್ತೆ, ಗೌರಿಮನೋಹರಿ ರಾಗಕ್ಕೂ ಹೊಂದುತ್ತೆ. ಎರಡಕ್ಕೂ ವ್ಯತ್ಯಾಸ ಧೈವತ ಒಂದೇ, ಆ ಕಾರ್ಡ್‌ನಲ್ಲಿ ಧೈವತವೇ ಇಲ್ಲ! ಅಷ್ಟು ಹೊತ್ತು ಎರಡು ಧೈವತದ ನಡುವೆ ಓಲಾಡಿ ಕೊನೆಗೆ ಯಾವುದು ಅಂತ ಹೇಳದೇ ಎದ್ದು ಹೋಗ್ತಾನೆ.

ನಾಗೇಶ: 👏 ಗೂಢಚಾರ ಅಂದ್ರೆ ಹಾಗೇ ತಾನೇ.

ಪ್ರಸಾದ: ಸರಿ, ಸೇರಿಸುವ. ಆದರೆ ಬಾರಿಸುವುದು ಸುಲಭವಾ?

ನಾಗೇಶ: ಬೆರಳಿಗೆ ಸುಲಭ, ನಾದಕ್ಕೆ ಕಷ್ಟ. 6ನೇ ತಂತಿ, ದಪ್ಪದ್ದು: ಖಾಲಿ, 2ನೇ ಫ್ರೆಟ್ (ಮನೆ), 3ನೇ ಫ್ರೆಟ್, ಅಷ್ಟರಲ್ಲೇ ಮುಖ್ಯ ಸಾಲು ಮುಗೀತು. ಬಾಲ: 4ನೇ ತಂತಿ 1, ಅದೇ ತಂತಿ ಖಾಲಿ, 5ನೇ ತಂತಿ 2, ಖಾಲಿ, 2. ಕೊನೇ ಕಾರ್ಡ್ ದಪ್ಪ ತಂತಿಯಿಂದ ಶುರು ಮಾಡಿ 0 2 1 0 0 2. ಒಟ್ಟಿಗೆ ಹೊಡೀಬೇಡಿ, ಮೇಲಿಂದ ಕೆಳಗೆ ನಿಧಾನ ಜಾರಿಸಿ, ಕೊನೇ ಎಳೆ ತಂತಿ ಮೇಲೆ ನಿಲ್ಲಿಸಿ. ತಪ್ಪೋದು ಎಲ್ಲಿ ಅಂದ್ರೆ 3ನೇ ತಂತಿಗೆ ಬೆರಳು ತಗಲಿ ಗಾಂಧಾರ ಸಾಯುತ್ತೆ. ಗಾಂಧಾರ ಸತ್ತರೆ ಅದು ಬಾಂಡ್ ಅಲ್ಲ, ಶ್ರುತಿ ಕೆಟ್ಟ ಗಿಟಾರು.

ವಸಂತ: ನಾದಕ್ಕೆ ಕಷ್ಟ ಅಂದ್ಯಲ್ಲ?

ನಾಗೇಶ: ಮೂಲ ರೆಕಾರ್ಡಿಂಗ್‌ನ ಗಿಟಾರ್‌ನವನು ವಿಕ್ ಫ್ಲಿಕ್ ಬಾರಿಸಿದ್ದು 1939ರ ಕ್ಲಿಫರ್ಡ್ ಎಸೆಕ್ಸ್ ಪ್ಯಾರಗಾನ್ ಗಿಟಾರು, ಮೇಲೆ ಡಿಆರ್ಮಂಡ್ ಪಿಕಪ್, ಫೆಂಡರ್ ವೈಬ್ರೋಲಕ್ಸ್ ಆಂಪ್. ರೆಕಾರ್ಡ್ ಆಗಿದ್ದು 1962ರ ಜೂನ್ 21, ಲಂಡನ್‌ನ ಸಿಟಿಎಸ್ ಸ್ಟುಡಿಯೋ. ರಾಗ ಮೊದಲು ಎತ್ತರದಲ್ಲಿತ್ತು, ಕೆಳಗೆ ಇ ತಂತಿಗೆ ಇಳಿಸೋಣ ಅಂದಿದ್ದು ಅವನೇ. ಗಟ್ಟಿ ಪಿಕ್, ತಾಳಕ್ಕಿಂತ ಕೂದಲೆಳೆ ಮುಂದೆ. ನಮ್ಮಲ್ಲಿ ಎಲ್ಲರೂ ತೆಳು ಪಿಕ್ ಹಿಡಿದು ತಾಳದ ಹಿಂದೆ ಬೀಳ್ತಾರೆ, ಆಮೇಲೆ ಆಂಪ್ ಸರಿಯಿಲ್ಲ ಅಂತಾರೆ. ಇನ್ನೊಂದು: 10–46 ದಪ್ಪದ ತಂತಿ ಸೆಟ್ ಹಾಕಿದ್ರೆ ಗಟ್ಟಿಯಾಗಿ ಹೊಡೆದಾಗ ದಪ್ಪ ತಂತಿ ಒಂದು ಕ್ಷಣ ಶ್ರುತಿ ಮೀರಿ ಏರುತ್ತೆ. 52ರ ತಂತಿ ಹಾಕಿ, ಬ್ರಿಡ್ಜ್ ಹತ್ತಿರ ಹೊಡೀರಿ.

ಗುರುರಾಜ: ಥೀಮು ಆತು. ಈಗ ಗೋಲ್ಡ್‌ಫಿಂಗರ್‌ಗೆ ಬರ್ರಿ.

ಪ್ರಸಾದ: ಶರ್ಲಿ ಬ್ಯಾಸಿ ಮೂರು ಸಲ ಹಾಡಿದ್ದಾಳೆ, 1964, 1971, 1979. ಎರಡು ಪಟ್ಟಿಯಲ್ಲಿ ಉಂಟು, ಇನ್ನೇನು ಬೇಕು?

ಗುರುರಾಜ: ಎಂಟರಿಂದ ಒಂದಕ್ಕ ಬೇಕು. ಶುರುದಾಗ ಎರಡು ಕಾರ್ಡ್ ಅದಾವ, ಎಫ್ ಮೇಜರ್, ಡಿ ಫ್ಲಾಟ್ ಮೇಜರ್. ಈ ಎರಡಕ್ಕ ಅದರ ಸಂಸಾರ ಮುಗೀತು. ಆ ಹಾರ್ನ್ ಸಾಲಿನ ಮ್ಯಾಲೆ 1989ರಾಗ ಗ್ಲಾಡಿಸ್ ನೈಟ್ ಹಾಡಿದ ಲೈಸೆನ್ಸ್ ಟು ಕಿಲ್ ಕಟ್ಟ್ಯಾರ. 25 ವರ್ಷದ ಮ್ಯಾಲೂ ಅದನ್ನ ಬಿಟ್ಟು ಇವರಿಗೆ ಊಟ ಸೇರಿಲ್ಲ.

ಸವಿತಾ: ಒಂದು ನಿಮಿಷ. ಎಫ್ ಸ ಅಂದ್ರೆ ಮೊದಲ ಕಾರ್ಡ್ ಸ, ಅಂತರ ಗಾಂಧಾರ, ಪ. ಎರಡನೇದ್ರಲ್ಲಿ ಸ ಅಲ್ಲೇ ಇರುತ್ತೆ, ಗಾಂಧಾರ ಸಾಧಾರಣಕ್ಕೆ ಇಳಿಯುತ್ತೆ, ಪ ಶುದ್ಧ ಧೈವತಕ್ಕೆ ಏರುತ್ತೆ. ಪ–ಶುದ್ಧ ಧ! ಥೀಮಿನ ಮೊದಲ ಹೆಜ್ಜೆಯೇ ಅದು. ಬ್ಯಾರಿ ಅದನ್ನೇ ತೆಗೆದು ಬೇರೆ ಬಟ್ಟೆ ತೊಡಿಸಿದಾನೆ.

ಗುರುರಾಜ: ಕೇಳಿದ್ಯಾ ಪ್ರಸಾದ್ಯಾ?

ಸವಿತಾ: ಈ ಲೆಕ್ಕದಲ್ಲಿ ನೋಬಡಿ ಡಸ್ ಇಟ್ ಬೆಟರ್ ಒಳ್ಳೇ ಹಾಡು, ಬಾಂಡ್ ಹಾಡಲ್ಲ. ಯಾವ ಪ್ರೇಮಕತೆಗಾದ್ರೂ ಹಾಕಬಹುದು. ಆಲ್ ಟೈಮ್ ಹೈ ಕೂಡ ಅಷ್ಟೇ.

ಪ್ರಸಾದ: ಆಲ್ ಟೈಮ್ ಹೈ ನಮ್ಮ ಉದಯಪುರದಲ್ಲಿ ತೆಗೆದ ಆಕ್ಟೋಪಸಿ ಸಿನಿಮಾದ್ದು ಅಂತ ಹಾಕಿದ್ದು.

ವಸಂತ: ಆ ಸಿನಿಮಾದಲ್ಲಿ ಹಾಡಿಗಿಂತ ಪುಂಗಿ ಮುಖ್ಯ. ಹಾವಾಡಿಗನ ವೇಷದಲ್ಲಿ ವಿಜಯ್ ಅಮೃತರಾಜ್ ಕೂತು ಪುಂಗಿಯಲ್ಲಿ ಬಾಂಡ್ ಥೀಮನ್ನೇ ಊದ್ತಾನೆ, ಅದೇ ಸಂಕೇತ. 1983. ಸೀನಿನ ಹಾಡು ಸುತ್ತಿ ಸುತ್ತಿ ಪುಂಗಿಗೆ ಬಂತು.

ಪ್ರಸಾದ: ಲಿವ್ ಅಂಡ್ ಲೆಟ್ ಡೈಯಲ್ಲಿ ನಿಮ್ಮ ಪ–ಧ ಇಲ್ಲದಿದ್ದರೂ ನಾನು ಬಿಡುವುದಿಲ್ಲ. 1973, ಮೆಕಾರ್ಟ್ನಿ ಮತ್ತು ವಿಂಗ್ಸ್, ವಾದ್ಯವೃಂದ ಜಾರ್ಜ್ ಮಾರ್ಟಿನ್. ನಿರ್ಮಾಪಕ ಸಾಲ್ಟ್ಸ್‌ಮನ್ ಪೂರ್ತಿ ರೆಕಾರ್ಡ್ ಕೇಳಿ, ಇದು ಬರೀ ಮಾದರಿ ಅಂದುಕೊಂಡು, ಹಾಡಿಸುವುದು ಯಾರ ಹತ್ತಿರ ಅಂತ ಕೇಳಿದ್ದನಂತೆ. ಇದಕ್ಕಿಂತ ದೊಡ್ಡ ಕಿವುಡು ಉಂಟಾ?

ಇಕ್ಬಾಲ್: ಡ್ರಮ್ಸ್ ಮೇಲೆ ಕೂರೋನು ನಾನು, ಈಗ ನಾನು ಮಾತಾಡ್ತೀನಿ. ಆ ಹಾಡಲ್ಲಿ ಕಷ್ಟ ಸ್ವರ ಅಲ್ಲ, ವೇಗ. ನಿಧಾನ ಪಿಯಾನೋ, ಥಟ್ ಅಂತ ವಾದ್ಯವೃಂದದ ಓಟ, ನಡುವೆ ಜಮೈಕಾದ ರೆಗೆ ತಾಳ, ಮತ್ತೆ ಓಟ. ಕಿವಿಯಲ್ಲಿ ತಾಳ ಎಣಿಸೋ ಒಂದೇ ಕ್ಲಿಕ್ ಟ್ರ್ಯಾಕ್ ಹಾಕಿ ಬಾರಿಸ್ತೀವಿ ಅಂದ್ರೆ ಮೊದಲ ತಿರುವಲ್ಲೇ ಎಲ್ಲರೂ ಗುಂಡಿಗೆ. ಪ್ರತಿ ಭಾಗಕ್ಕೂ ಬೇರೆ ಕ್ಲಿಕ್ ಮಾಡಿ, ಹೊಸ ಭಾಗಕ್ಕೆ ಮುಂಚೆ ಹೊಸ ವೇಗದಲ್ಲಿ ನಾಲ್ಕು ಎಣಿಕೆ ನನ್ನ ಇಯರ್‌ಫೋನಿಗೆ ಮಾತ್ರ ಕೊಡಿ. ಉಳಿದವರು ನನ್ನ ಕೈ ನೋಡ್ಲಿ. ಮುಖ್ಯವಾಗಿ ರೆಗೆಯಲ್ಲಿ ಬೇಸ್‌ನವರು ಆತುರ ಪಡಬಾರದು. ಓಟದ ಬಿಸಿ ಇನ್ನೂ ಕಾಲಲ್ಲಿರುತ್ತೆ, ಅಲ್ಲೇ ಜಾರೋದು.

ಶೈಲಾ: ಕೊನೆಗೆ ಹಾಡೋಳು ನಾನು. ಥಂಡರ್‌ಬಾಲ್ ಮಾತ್ರ ಹೇಳಬೇಡಿ. ಟಾಮ್ ಜೋನ್ಸ್‌ಗೇ ಕೊನೇ ಸ್ವರ ಹಿಡಿದು ಕಣ್ಣು ತೆರೆದಾಗ ಕೋಣೆ ತಿರುಗ್ತಿತ್ತಂತೆ.

ಗುರುರಾಜ: ಗೋಲ್ಡ್‌ಫಿಂಗರ್ ಕೊನೀಗೂ ಅದೇ ಕತಿ. ಪರದೆ ಮ್ಯಾಲೆ ಹೆಸರು ಮುಗಿಯೂ ತನಕ ಬ್ಯಾಸಿ ಸ್ವರ ಹಿಡೀಬೇಕಾಗಿತ್ತು, ಬ್ಯಾರಿ ಕೈ ಇಳಿಸಲೇ ಇಲ್ಲ.

ಶೈಲಾ: ನಮಗೆ ಪರದೆ ಇಲ್ಲ, ಇಕ್ಬಾಲ್ ಕೈ ಇಳಿಸಿದಾಗ ನಾನು ನಿಲ್ಲಿಸ್ತೀನಿ. ಕೊನೇ ಸಾಲಿನ ಹಿಂದಿನ ಪದದಲ್ಲಿ ಉಸಿರು ಕದ್ದರೆ ಆಗಲ್ಲ, ಅದಕ್ಕೂ ಒಂದು ಸಾಲು ಮುಂಚೆ ಹಾರ್ನ್ ಬರೋ ಜಾಗದಲ್ಲಿ ಹೊಟ್ಟೆ ತುಂಬ ಎಳ್ಕೋಬೇಕು. ಶ್ರುತಿ ಎಫ್‌ನಿಂದ ಒಂದು ಮನೆ ಇಳಿಸಿ, ಇ ಸಾಕು.

ಗುರುರಾಜ: ಇ ಬ್ಯಾಡವ್ವಾ! ನಮ್ಮ ಟ್ರಂಪೆಟ್ ಬಿ ಫ್ಲಾಟ್ ವಾದ್ಯ. ನೀವು ಇ ಅಂದ್ರ ನಾವು ಎಫ್ ಶಾರ್ಪ್‌ದಾಗ ಓದಬೇಕು, ಆರು ಶಾರ್ಪ್. ಎರಡು ಮನಿ ಇಳಿಸು, ಇ ಫ್ಲಾಟ್. ನಮಗ ಎಫ್ ಬರ್ತದ, ಒಂದೇ ಫ್ಲಾಟ್. ಎರಡನೇ ಕಾರ್ಡ್ ಡಿ ಫ್ಲಾಟ್ ಹೋಗಿ ಬಿ ಆಗ್ತದ, ಗಿಟಾರ್‌ನವರಿಗೂ ಆರಾಮ.

ಶೈಲಾ: ಇ ಫ್ಲಾಟ್ ಓಕೆ. ಇನ್ನೂ ಒಳ್ಳೇದೇ.

ವಸಂತ: ನಮ್ಮ 999 ಯಾಕೆ ಪಟ್ಟಿಯಲ್ಲಿಲ್ಲ? ರಾಜ್‌ಕುಮಾರ್, ದೊರೈ–ಭಗವಾನ್, ಜೇಡರ ಬಲೆ, 1968. ಸಂಗೀತ ಜಿ.ಕೆ. ವೆಂಕಟೇಶ್.

ಪ್ರಸಾದ: ಅದಕ್ಕೆ ಬೇರೆ ಪಟ್ಟಿ ಮಾಡುವ ವಸಂತ. ಇದರೊಳಗೆ ತುರುಕಿದರೆ ಎರಡಕ್ಕೂ ಅನ್ಯಾಯ.

ವಸಂತ: ಮಾತು ಕೊಟ್ಟಿದೀಯ, ಸ್ಕ್ರೀನ್‌ಶಾಟ್ ತೆಗೆದಿದೀನಿ.

ಪ್ರಸಾದ: ಈಗ ನನ್ನ ಸ್ಕೈಫಾಲ್ ಮುಟ್ಟಬೇಡಿ. ಆಸ್ಕರ್ ಗೆದ್ದ ಮೊದಲ ಬಾಂಡ್ ಹಾಡು. 2012ರ ಅಕ್ಟೋಬರ್ 5, ಲಂಡನ್ ಸಮಯ ರಾತ್ರಿ 0:07ಕ್ಕೆ ಬಿಡುಗಡೆ ಮಾಡಿದ್ದರು. ಗಡಿಯಾರದಲ್ಲೂ 007.

ನಾಗೇಶ: ಇರಲಿ, ಅಡೆಲ್ ಹಾಡಿದ್ದು ಬೇಡ ಅನ್ನೋ ಧೈರ್ಯ ನನಗಿಲ್ಲ. ಆದ್ರೆ ರೈಟಿಂಗ್ಸ್ ಆನ್ ದ ವಾಲ್ ಹೋಗಬೇಕು. ಸ್ಯಾಮ್ ಸ್ಮಿತ್‌ದು ಮೇಲಿನ ದನಿ, ನಮ್ಮಲ್ಲಿ ಅಲ್ಲಿಗೆ ತಲುಪೋರು ಯಾರೂ ಇಲ್ಲ. ಅದರ ಬದಲು ನೋ ಟೈಮ್ ಟು ಡೈ ಕೊನೆಗೆ ಇಡಿ. ಬಿಲ್ಲಿ ಐಲಿಶ್ ಮೆತ್ತಗೆ ಮುಗಿಸಿದ ಮೇಲೆ ಕೊನೇ ಕಾರ್ಡ್ ಕೇಳಿ. 0 2 1 0 0 2.

ಸವಿತಾ: ಅದೇ ಕಾರ್ಡಾ?!

ನಾಗೇಶ: ಅದೇ. ಥೀಮಿನಿಂದ ಶುರು ಮಾಡಿ ಇದರಿಂದ ಮುಗಿಸಿದ್ರೆ ಒಂದೇ ಕಾರ್ಡ್‌ನಲ್ಲಿ ಬಾಗಿಲು ತೆಗೆದು ಅದರಲ್ಲೇ ಮುಚ್ಚಿದ ಹಾಗೆ.

ಪ್ರಸಾದ: ಲೆಕ್ಕ: ಥೀಮು ಎರಡು ನಿಮಿಷದೊಳಗೆ, ಗೋಲ್ಡ್‌ಫಿಂಗರ್ ಮೂರರೊಳಗೆ, ಲಿವ್ ಅಂಡ್ ಲೆಟ್ ಡೈ 3:12, ಸ್ಕೈಫಾಲ್ 4:46, ನೋ ಟೈಮ್ ಟು ಡೈ 4:02. 17 ನಿಮಿಷ. ಉಳಿದ ಮೂರು ಮೈಕ್ ಸರಿ ಮಾಡುವುದಕ್ಕೆ.

ಇಕ್ಬಾಲ್: ಮೂರು ಸಾಲಲ್ಲ, ಆದ್ರೂ ಸರಿ.

ಗುರುರಾಜ: ಪ್ರಸಾದ್ಯಾ, ಪಟ್ಟೀಗೆ ಒಂದು ಸಾಮಾನು ಬರ್ಕೊ. ಗೋಲ್ಡ್‌ಫಿಂಗರ್ ಶುರುದಾಗ ಟ್ರಂಪೆಟ್ ವಾಂವ್ ವಾಂವ್ ಅಂತದಲ್ಲ, ಅದಕ್ಕ ಪ್ಲಂಜರ್ ಬೇಕು. ಹಾರ್ಡ್‌ವೇರ್ ಅಂಗಡಿಯಾಗ ಸಿಂಕ್ ಕಟ್ಟಿದಾಗ ಒತ್ತೂ ರಬ್ಬರ್ ಬಟ್ಟಲ. ಕೋಲು ಬಿಚ್ಚಿ ಬರೇ ಬಟ್ಟಲ ಎಡಗೈಲೆ ಹಿಡೀಬೇಕು, ಮುಚ್ಚಿದ್ರ ವ, ತೆಗೆದ್ರ ಆ. ಪೂರ್ತಿ ಒತ್ತಿ ಮುಚ್ಚಬಾರದು, ಶ್ರುತಿ ಮ್ಯಾಲೆ ಹೋಗ್ತದ, ಒಂದು ಬೆರಳು ಸಂದು ಬಿಡಬೇಕು. ಸಣ್ಣದು ತಾ. ಟಾಯ್ಲೆಟ್‌ದು ದೊಡ್ಡದಾಗ್ತದ, ಅದು ಟ್ರೊಂಬೋನ್‌ಗೆ.

ಪ್ರಸಾದ: ಎಷ್ಟು?

ಗುರುರಾಜ: ಟ್ರಂಪೆಟ್ ಮೂರು, ಟ್ರೊಂಬೋನ್ ಒಂದು. ಎಲ್ಲಾ ಹೊಸಾವು ತರ್ರಿ, ಮನ್ಯಾಗಿಂದು ತೊಳದು ತರಬ್ಯಾಡ್ರಿ.